ಅವರ ಕೈಯ ಮೊದಲ ನುಚ್ಚು

ಕೋಳಿಮರಿ ಮೊಟ್ಟೆಯೊಡೆದು ಈಚೆ ಬಂದ ದಿನ ನಮ್ಮ ಊರಿನಲ್ಲಿ ಯಾರೂ ಅದಕ್ಕೆ ಕೈಯಾರೆ ತಿನ್ನಿಸುವುದಿಲ್ಲ. ಮೊರದಲ್ಲಿ ಒಂದು ಹಿಡಿ ನುಚ್ಚು ಹಾಕಿಕೊಂಡು ಅಂಗಳಕ್ಕೆ ತೂರಿ, ಮುಖ ಆಚೆ ತಿರುಗಿಸಿಕೊಂಡು ನಿಲ್ಲುತ್ತೇವೆ. ಆ ಕಾಳು ಯಾರ ಕೈಯದೂ ಅಲ್ಲ, ನೆಲದ್ದು. ಹಾಗೆ ತಿಂದು ಬೆಳೆದ ಮರಿಯನ್ನು ಹದ್ದು ಒಯ್ದರೆ ಒಯ್ಯಿತು, ಬೆಕ್ಕು ಹಿಡಿದರೆ ಹಿಡಿಯಿತು, ನೆಂಟರು ಬಂದ ದಿನ ಕುಯ್ದರೆ ಸಾರಿಗಾಯಿತು. ಕೈಯಾರೆ ಮೊದಲ ತುತ್ತು ಕೊಟ್ಟಿರೋ, ಕಥೆ ಬೇರೆ. ಆಮೇಲೆ ಅದು ಸಾಯಬೇಕಾದರೆ ನೀವೇ ಅದರ ಕಿವಿಯ ಹತ್ತಿರ ಬಾಯಿಟ್ಟು "ಹೊರಡು" ಅನ್ನಬೇಕು. ನೀವು ಅನ್ನುವ ತನಕ ಅದರ ಜೀವ ಹೋಗುವುದಿಲ್ಲ. ಕೋಳಿಯಾದರೂ ಅಷ್ಟೆ, ಎಮ್ಮೆಯಾದರೂ ಅಷ್ಟೆ, ಹೆತ್ತ ಮಗನಾದರೂ ಅಷ್ಟೆ.

ಯಾಕೆ ಹೀಗೆ ಅಂತ ಹೊರಗಿನಿಂದ ಬಂದವರು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ಹಾಗಿಲ್ಲ ಅಂತ ನಾವು ಕೇಳಿದ್ದೇವಾ? ಅವರವರ ಊರು ಅವರವರಿಗೆ. ನಾವು ಆ ಒಂದು ಮಾತನ್ನು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಸಂತೆಗೆ ಹೋಗುವವರಿಗೂ ಗಂಡನ ಮನೆಗೆ ಹೋಗುವ ಹುಡುಗಿಗೂ "ಹೋಗಿ ಬಾ" ಅಂತಲೇ ಅನ್ನುವುದು. ಬಸ್ಸಿನ ಕಂಡಕ್ಟರು ಸೀಟಿ ಊದಿ ಸುಮ್ಮನಾಗುತ್ತಾನೆ. ಮಾಂಸದಂಗಡಿಯ ಮುಂದೆ ಬೆಳಿಗ್ಗೆ ಮೊದಲ ತುತ್ತಿಟ್ಟು ಕುರಿ ಸಾಕಿದವರೇ ಬಂದು ನಿಲ್ಲಬೇಕು. ಕಿವಿಗೆ ಬಾಯಿಡಲು ಬಗ್ಗಿದವರು ಅಪ್ಪಿತಪ್ಪಿ ಕುರಿಯ ಕಣ್ಣು ನೋಡಿಬಿಟ್ಟರೆ ಕೆಲಸ ಕೆಟ್ಟಿತು. ಹಗ್ಗ ಬಿಚ್ಚಿಕೊಂಡು, ಮೂಗು ಒರೆಸಿಕೊಂಡು, ಕುರಿಯ ಜೊತೆಗೇ ಮನೆಗೆ ವಾಪಸ್ಸು. ಎಷ್ಟೋ ಮದುವೆಯ ಬಾಡೂಟ ನಮ್ಮಲ್ಲಿ ಬೇಳೆಸಾರಿನಲ್ಲಿ ಮುಗಿದಿದೆ.

ಮಗು ಹುಟ್ಟಿದ ಮನೆಯಲ್ಲಂತೂ ಮೊದಲ ಜೇನಿನ ಹನಿ ಯಾರು ನೆಕ್ಕಿಸಬೇಕು ಅಂತ ಜಗಳವೇ ಹತ್ತುತ್ತದೆ. ತಾಯಿ ಬೇಡ, ಅವಳ ಕರುಳು ಹಸಿ ಅನ್ನುತ್ತಾರೆ. ಎದೆ ಗಟ್ಟಿಯಿರುವವರನ್ನು ಹುಡುಕುತ್ತಾರೆ. ನಮ್ಮ ಅತ್ತೆ ಮಾತ್ರ ಯಾರ ಮಾತೂ ಕೇಳದೆ ತಮ್ಮ ಮಗನಿಗೆ ತಾವೇ ನೆಕ್ಕಿಸಿದ್ದರಂತೆ. ಆ ಮಗನೇ ನಮ್ಮ ಯಜಮಾನರು. ಹೆಸರು ಹೊಂಬಾಳಯ್ಯ. ಗಂಡನ ಹೆಸರು ಹೇಳಿದೆ ಅಂತ ನಗಬೇಡಿ, ಕಥೆ ಹೇಳುವವಳಿಗೆ ಅಷ್ಟು ಮಾಫಿ ಇರಬೇಕು.

ಅತ್ತೆ ಹಾಸಿಗೆ ಹಿಡಿದಾಗ, ತಮ್ಮ ಬಳಿಯಿದ್ದ ಮಗನ ಪಾಲನ್ನು, ಅಂದರೆ ಅವನಿಗೆ ಆ ಮಾತು ಹೇಳುವ ಹೊಣೆಯನ್ನು, ಯಾರಿಗಾದರೂ ಒಪ್ಪಿಸಲೇಬೇಕಿತ್ತು. ಒಪ್ಪಿಸದೆ ಹೋದರೆ ಆ ಮಗ ಮುದುಕನಾಗಿ ಕೊರಡಾಗಿ ಬಿದ್ದಿದ್ದರೂ ಕಳಿಸಿಕೊಡುವವರಿಲ್ಲ. ಮಗಳು ಪಕ್ಕದಲ್ಲೇ ಕೂತಿದ್ದಳು, ಅವಳನ್ನು ಬಿಟ್ಟು ಸೊಸೆಯಾದ ನನ್ನನ್ನು ಕರೆದರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನನ್ನ ಅಂಗೈಗೆ ಹಾಕಿ, "ಇವ್ನು ಇನ್ಮ್ಯಾಲೆ ನಿನ್ನ ಪಾಲು ಕಣೆ ಚೌಡಿ. ನಿನ್ನೆದೆ ಗಟ್ಟಿ. ನನ್ನ ಮಗನ್ನ ಒದ್ದಾಡುಸ್ಬ್ಯಾಡ" ಅಂದರು. "ಆಯ್ತು ಬಿಡತ್ತೆ" ಅಂದು ನಾನು ಆ ತುತ್ತನ್ನು ಇವರ ಬಾಯಿಗಿಟ್ಟೆ. ಆಗ ಇವರು ಮೀಸೆ ತಿರುವುವ ಗಂಡಸು, ನೋಯುವ ಹಾಗೆ ನನ್ನ ಬೆರಳು ಕಚ್ಚಿದರು. ಸಾಯುತ್ತಿದ್ದ ಅತ್ತೆಯೂ ಸೇರಿ ಮನೆಯವರೆಲ್ಲ ನಕ್ಕೆವು. ನಾನು ಏನು ಒಪ್ಪಿಕೊಂಡೆ ಅಂತ ಆಗ ನನಗೆ ತಿಳಿದಿರಲಿಲ್ಲ.

ನಾವು ಮೇದರು. ಬಿದಿರು ಸೀಳುವುದು, ಬುಟ್ಟಿ ಹೆಣೆಯುವುದು. ಮಕ್ಕಳಾಗಲಿಲ್ಲ, ಆದರೂ ಮನೆ ಬಣಗುಟ್ಟಲಿಲ್ಲ, ಯಾಕೆಂದರೆ ಇವರ ಬಾಯಿ. ಮಾತಿಗೆ ಕೂತರೆ ಎದುರಿಗಿದ್ದವರ ಎಲೆಯಡಿಕೆ ಖಾಲಿಯಾಗುತ್ತಿತ್ತೇ ಹೊರತು ಇವರ ಮಾತು ಖಾಲಿಯಾಗುತ್ತಿರಲಿಲ್ಲ. ಮನುಷ್ಯರು ಸಿಗದಿದ್ದರೆ ಬಿದಿರಿನ ಜೊತೆಯೇ. "ಬಾರಮ್ಮ, ಬಳುಕು, ಏನು ಸೆಟ್ಕಂಡು ನಿಂತಿದ್ದೀಯ ಹೊಸ ಮದಲಗಿತ್ತಿ ತರ" ಅಂತ ಸಿಬಿರು ಬಗ್ಗಿಸುತ್ತಿದ್ದರು. ಅಂಥವರು ಒಂದು ದಿನ ಮೊರಕ್ಕೆ ಅಂಚು ಕಟ್ಟುತ್ತಾ ಕೂತಿದ್ದ ಹಾಗೇ ಪಕ್ಕಕ್ಕೆ ವಾಲಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಬಾಯಿ, ಮೂರೂ ಹೋದವು. ಎಡಗೈ ಅಷ್ಟಿಷ್ಟು ಆಡುತ್ತಿತ್ತು, ಕಣ್ಣು ಪೂರ್ತಿ ಆಡುತ್ತಿತ್ತು. ಆ ಕಣ್ಣಲ್ಲೇ ನನ್ನನ್ನು ಮನೆಯೆಲ್ಲ ಹಿಂಬಾಲಿಸುತ್ತಿದ್ದರು.

ಅವತ್ತಿನಿಂದ ಉಣ್ಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ನನ್ನ ಪಾಡು. ಬೆನ್ನಿಗೆ ಹುಣ್ಣಾದವು. ಒಂದನ್ನು ಮಾಯಿಸುವಷ್ಟರಲ್ಲಿ ಇನ್ನೊಂದು. ಜನ ಬಂದು ನೋಡಿ, ಬಾಳೆಹಣ್ಣು ಇಟ್ಟು, ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆಗೆದವರು ಹಾಗೇ ಎದ್ದು ಹೋಗುತ್ತಿದ್ದರು. ಅವರು ಏನು ಹೇಳಬೇಕೆಂದಿದ್ದರು ಅಂತ ನನಗೆ ಗೊತ್ತಾಗುತ್ತಿತ್ತು. ನಾನು ಹಣ್ಣು ಸುಲಿಯುವುದರಲ್ಲಿ ಮಗ್ನಳಾಗುತ್ತಿದ್ದೆ.

ಹೀಗಿರುವಾಗ ನಮ್ಮ ಬೂದಿಬಣ್ಣದ ಹ್ಯಾಟೆ ಕಾವಿಗೆ ಕೂತು ಮರಿ ಮಾಡಿತು. ಒಂದು ಮೊಟ್ಟೆ ಮಾತ್ರ ಹಿಂದೆ ಬಿತ್ತು. ತಾಯಿಗೆ ಕಾಯುವ ಸಹನೆ ಎಲ್ಲಿ, ಉಳಿದ ಮರಿಗಳನ್ನು ಕಟ್ಟಿಕೊಂಡು ಅಂಗಳಕ್ಕೆ ಇಳಿದುಬಿಟ್ಟಿತು. ನಾನು ಬುಟ್ಟಿ ಎತ್ತಿ ನೋಡಿದರೆ ಆ ಕೊನೆಯದು ಚಿಪ್ಪಿನಿಂದ ಅರ್ಧ ಈಚೆ ಬಂದು, ಒದ್ದೆ ಬತ್ತಿಯ ಹಾಗೆ ಬಿದ್ದುಕೊಂಡು ಚೀಂಗುಟ್ಟುತ್ತಿತ್ತು. ಸೆರಗಿನಲ್ಲಿ ಸುತ್ತಿ ಒಲೆಯ ಮುಂದೆ ಕೂತು ಒಣಗಿಸಿದೆ. ಒಣಗಿದ ಮೇಲೆ ನೋಡಿ, ಹಳದಿ ಉಂಡೆ, ಬೆನ್ನ ಮೇಲೆ ಎರಡು ಕಂದು ಗೆರೆ. ಇವರಿಗೆ ತೋರಿಸೋಣ ಅನ್ನಿಸಿತು.

"ಇಕಾ ನೋಡಿ, ನಿಮ್ಮಂಗೇ ಸೋಮಾರಿ, ಎಲ್ಲಾರ್ಗಿಂತ ಹಿಂದೆ ಬಂದೈತೆ" ಅಂತ ಅವರ ಎಡ ಅಂಗೈಯಲ್ಲಿ ಬಿಟ್ಟೆ. ಆ ಬೆರಳುಗಳು ಮೆಲ್ಲಗೆ ಮಡಚಿಕೊಂಡು ಅದಕ್ಕೆ ಗೋಡೆಯಾದವು. ನನಗೆ ಸಂತೋಷ ತಡೆಯಲಾಗಲಿಲ್ಲ. ಒಳಗೆ ಓಡಿ ಚಿಟಿಕೆ ನುಚ್ಚು ತಂದು ಆ ಅಂಗೈಗೇ ಸುರಿದೆ. ಮರಿ ಕುಟುಕಿತು. ಇವರ ಬಾಯಿಯ ಒಂದು ತುದಿ ಮೇಲಕ್ಕೆದ್ದಿತು, ಅರ್ಧ ನಗು. ಎಷ್ಟು ಕಾಲವಾಗಿತ್ತು ಆ ನಗು ಕಂಡು! ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ಮೊಸರು ಕೇಳಲು ಬಂದ ಪಕ್ಕದ ಮನೆಯ ಜವರಮ್ಮ ಬಾಗಿಲಲ್ಲೇ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ ಚೌಡಕ್ಕ, ಯಾರ ಕೈಲಿ ತಿನ್ನುಸ್ಬುಟ್ಟೆ? ನಾಳೀಕೆ ಅದುಕ್ಕೇನಾರ ಆದ್ರೆ ಮಾತಾಡೋಕೆ ಇವ್ರಿಗೆ ಬಾಯಿ ಎಲ್ಲೈತೆ?"

ಅವಳು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಆದರೆ ತಪ್ಪು ಒಪ್ಪಿಕೊಂಡು ಗೊತ್ತಿರುವ ಹೆಂಗಸಲ್ಲ ನಾನು. "ಏನೂ ಆಗಾಕಿಲ್ಲ ಹೋಗೆ. ನೂರು ಕಾಲ ಬದುಕ್ಲಿ" ಅಂದೆ. ಮೊಸರು ಕೊಟ್ಟು ಕಳಿಸಿದೆ.

ಆಮೇಲಿನ ದಿನಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಮರಿ ಅವರ ಎದೆಯ ಮೇಲೆ ಓಡಾಡುವುದು, ಕಂಕುಳಲ್ಲಿ ನುಗ್ಗಿ ನಿದ್ದೆ ಮಾಡುವುದು, ಗಡ್ಡದಲ್ಲಿ ಸಿಕ್ಕಿದ ಅನ್ನದ ಅಗುಳು ಹೆಕ್ಕುವುದು. ಇವರು ಉಗುರಿನಿಂದ ಅದರ ನೆತ್ತಿ ಕೆರೆಯುತ್ತಿದ್ದರು. ಕೆಳಗಿಳಿದು ಮಂಚದ ಸುತ್ತ ಸುತ್ತಾಡಿ ಬಂದರೂ ಇವರ ಕಣ್ಣು ಅದರ ಹಿಂದೆಯೇ. "ಕಟ್ಕಂಡೋಳು ಇಲ್ಲಿದ್ದೀನಿ, ನನ್ನ ಮ್ಯಾಲೆ ಬಿದ್ದಿತ್ತಾ ಒಂದಿನ ಹಿಂಗೆ ಕಣ್ಣು?" ಅಂತ ಛೇಡಿಸುತ್ತಿದ್ದೆ. ಅರ್ಧ ನಗು ಬರುತ್ತಿತ್ತು.

ನಮ್ಮ ಮಂಚಕ್ಕೆ ಒಂದು ಕಾಲು ಗಿಡ್ಡ. ಅದರಡಿಗೆ ಇಟ್ಟಿಗೆ ಕೊಟ್ಟಿದ್ದೆವು. ಅವತ್ತು ಬೆಳಿಗ್ಗೆ ಹುಣ್ಣಿಗೆ ಎಣ್ಣೆ ಹಚ್ಚಲು ಇವರ ಬೆನ್ನಿಗೆ ನನ್ನ ಭುಜ ಕೊಟ್ಟು ಪಕ್ಕಕ್ಕೆ ಹೊರಳಿಸಿದೆ. ಭಾರಕ್ಕೆ ಮಂಚ ಅಲುಗಿ ಇಟ್ಟಿಗೆ ಜರುಗಿತು, ಗಿಡ್ಡ ಕಾಲು ದಢಾರನೆ ನೆಲಕ್ಕೆ ಬಿತ್ತು. ಅದರಡಿಯಿಂದ ಒಂದು ಸಣ್ಣ ಸದ್ದು ಬಂತು. ನಾನು ಬಗ್ಗಿ ನೋಡುವ ಮೊದಲೇ ಇವರ ಗಂಟಲಿನಿಂದ ಗೊರಗೊರ ಶುರುವಾಗಿತ್ತು. ಅವರಿಗೆ ಗೊತ್ತಾಗಿಬಿಟ್ಟಿತ್ತು.

ಮರಿಯ ಹಿಂಭಾಗ ಜಜ್ಜಿಹೋಗಿತ್ತು. ಒಂದು ಕಾಲಿನ ಮೂಳೆ ಚರ್ಮ ಸೀಳಿಕೊಂಡು ಈಚೆ ಬಂದಿತ್ತು, ಆ ಕಡೆಯ ರೆಕ್ಕೆಯ ತುಪ್ಪಳ ಸುಲಿದು ನೆಲಕ್ಕೆ ಅಂಟಿತ್ತು, ಹೊಟ್ಟೆಯ ಪಕ್ಕದಲ್ಲಿ ಕಿರುಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ತಲೆ ಮಾತ್ರ ಸರಿಯಾಗಿತ್ತು. ಅದು ಕಣ್ಣು ಪಿಳಿಪಿಳಿ ಬಿಟ್ಟು ನನ್ನನ್ನೇ ನೋಡಿತು. ನೆಲದ ಕಾಳು ತಿಂದ ಮರಿಯಾಗಿದ್ದರೆ ಆ ಗಳಿಗೆಯಲ್ಲೇ ಮುಗಿದು ಹೋಗುತ್ತಿತ್ತು.

ನಾನು ಟೊಂಕ ಕಟ್ಟಿದೆ. ಬಿಸಿನೀರಿಗೆ ಅರಿಶಿನ ಹಾಕಿ ಗಾಯ ತೊಳೆದೆ. ಬೇವಿನೆಣ್ಣೆ ಅದ್ದಿದ ಅರಳೆಯನ್ನು ಹೊಟ್ಟೆಯ ಬಾಯಿಗೆ ಒತ್ತಿ ಕಟ್ಟಿದೆ. ಇವರು ಲಕ್ವಕ್ಕೆ ಮುಂಚೆ ಕಾಗದದಷ್ಟು ತೆಳ್ಳಗೆ ಸೀಳಿ ಇಟ್ಟಿದ್ದ ಬಿದಿರಿನ ಸಿಬಿರುಗಳು ಮೂಲೆಯಲ್ಲಿದ್ದವು. ಎರಡು ಚೂರು ಮುರಿದು ಕಾಲಿಗೆ ದಬ್ಬೆ ಕೊಟ್ಟು ದಾರ ಸುತ್ತಿದೆ. ದಾರ ಸುತ್ತುವಾಗೆಲ್ಲ ಅದು ಬಾಯಿ ತೆರೆದು ಸದ್ದಿಲ್ಲದೆ ಕೂಗುತ್ತಿತ್ತು. ಸಣ್ಣ ಕುಕ್ಕೆಯಲ್ಲಿ ಹಳೆ ಸೀರೆಯ ತುಂಡು ಹಾಸಿ, ಬಿಸಿನೀರು ತುಂಬಿದ ಸೀಸೆಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ನೊಣ ಕೂರದ ಹಾಗೆ ಮೇಲೆ ಸೊಳ್ಳೆಪರದೆಯ ಚೂರು ಮುಚ್ಚಿದೆ. ಹತ್ತಿಬತ್ತಿಯನ್ನು ನೀರಲ್ಲಿ ನೆನೆಸಿ ಕೊಕ್ಕಿನ ಅಂಚಿಗೆ ಹನಿ ಹನಿ ಬಿಟ್ಟೆ. "ಬದುಕುಸ್ತೀನಿ ನೋಡ್ತಿರಿ" ಅಂತ ಇವರಿಗೆ ಮಾತು ಕೊಟ್ಟೆ.

ಮರಿ ಸಾಯಲಿಲ್ಲ, ಬದುಕಲೂ ಇಲ್ಲ. ದಬ್ಬೆ ಕಟ್ಟಿದ ಕಾಲು ಕಪ್ಪಾಯಿತು, ಆಮೇಲೆ ಒಣಗಿದ ಕಡ್ಡಿಯ ಹಾಗೆ ಕಳಚಿ ಬಟ್ಟೆಯಲ್ಲೇ ಉಳಿಯಿತು. ಹೊಟ್ಟೆಯ ಗಾಯ ಕೀವುಗಟ್ಟಿತು. ಎಷ್ಟು ತೊಳೆದರೂ ಮನೆಯೆಲ್ಲ ವಾಸನೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಲ್ಲಿ ಕದಡಿ ಕೊಟ್ಟರೆ ಕೊಕ್ಕಿನಿಂದ ಹಾಗೇ ಆಚೆ ಹರಿಯುತ್ತಿತ್ತು. ಹಗಲೆಲ್ಲ ನರಳುತ್ತಿತ್ತು, ದೂರದಲ್ಲಿ ಯಾರೋ ಬಾವಿಯ ರಾಟೆ ಎಳೆದ ಹಾಗೆ ಸಣ್ಣಗೆ, ಬಿಡದೆ. ಇವರ ಅಂಗೈಯಲ್ಲಿಟ್ಟರೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು.

ಮೂಳೆ ಕಟ್ಟುವ ಮರಿಯಪ್ಪನನ್ನು ಕರೆಸಿದೆ. ಅವನು ಪರದೆ ಎತ್ತಿ ನೋಡಿ ಹಾಗೇ ಮುಚ್ಚಿದ. "ಇದು ಉಳಿಯೋ ಮರಿಯಲ್ಲ ಕಣಕ್ಕ, ಕಳ್ಸಿಕೊಟ್ಬುಡು. ಯಾರ ಕೈ ತುತ್ತು ಇದು?" ಅಂದ. ನಾನು ಮಂಚದ ಕಡೆ ನೋಡಿದೆ. ಮರಿಯಪ್ಪನೂ ನೋಡಿದ. ಅವನಿಗೆ ಅಂತ ತಂದ ಮಜ್ಜಿಗೆಯ ಲೋಟವನ್ನು ಮುಟ್ಟದೆ, ಚಪ್ಪಲಿ ಮೆಟ್ಟಿಕೊಂಡು ಹೋದ.

ಜವರಮ್ಮ ಬಂದು ಪಿಸುಗುಟ್ಟಿದಳು. "ತೋಪಿಗೆ ಬುಟ್ಟು ಬಂದ್ಬುಡು ಚೌಡಕ್ಕ. ಕಣ್ಣಿಗೆ ಕಾಣಾಕಿಲ್ಲ, ಕಿವಿಗೆ ಕೇಳಾಕಿಲ್ಲ. ಇನ್ನೇನ್ ಮಾಡೀಯ?"

ಊರಾಚೆ ಒಂದು ಹೊಂಗೆ ತೋಪಿದೆ. ತುತ್ತಿಟ್ಟವರು ಊರು ಬಿಟ್ಟು ಹೋಗಿ ತಿರುಗಿ ಬರದಿದ್ದರೆ, ಪಾಲು ಒಪ್ಪಿಸದೆ ಪ್ರಾಣ ಬಿಟ್ಟಿದ್ದರೆ, ಅಂಥವರ ಕೈಯಲ್ಲಿ ಉಂಡ ಪ್ರಾಣಿಗಳನ್ನು ಜನ ಅಲ್ಲಿ ಬಿಟ್ಟು ಬರುತ್ತಾರೆ. ನಾನು ಕುಕ್ಕೆ ಸೊಂಟಕ್ಕಿಟ್ಟುಕೊಂಡು ಹೋದೆ. ಮಧ್ಯಾಹ್ನದ ಬಿಸಿಲು, ದಾರಿಯಲ್ಲಿ ನರಪಿಳ್ಳೆಯಿಲ್ಲ. ತೋಪು ಇನ್ನೂ ಅಷ್ಟು ದೂರ ಇರುವಾಗಲೇ ಸದ್ದು ಕೇಳಿಸಿತು. ಒಂದೇ ಪ್ರಾಣಿಯದಲ್ಲ, ಎತ್ತಿನದು, ನಾಯಿಯದು, ಇನ್ನು ಯಾವ್ಯಾವುದರದೋ, ಎಲ್ಲ ಸೇರಿ ಒಂದೇ ನಿಟ್ಟುಸಿರಿನ ಹಾಗೆ ಮರಗಳ ಕೆಳಗಿನಿಂದ ಬರುತ್ತಿತ್ತು. ನನ್ನ ಕುಕ್ಕೆಯೊಳಗಿನ ಮರಿ ತನ್ನ ನರಳಾಟ ನಿಲ್ಲಿಸಿ ಅದನ್ನು ಕೇಳಿಸಿಕೊಂಡಿತು. ಅಯ್ಯೋ ನನ್ನಪ್ಪ! ಹಿಂದಕ್ಕೆ ತಿರುಗಿದವಳು ಮನೆಯ ಹೊಸ್ತಿಲು ದಾಟಿದ ಮೇಲೆಯೇ ನಿಂತದ್ದು.

ಬಾಗಿಲ ಕಡೆಗೇ ನೆಟ್ಟಿದ್ದ ಇವರ ಕಣ್ಣು ಕುಕ್ಕೆ ಕಂಡ ಮೇಲೆ ಮುಚ್ಚಿಕೊಂಡಿತು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

ಇನ್ನೊಂದು ಉಪಾಯ ಮಾಡಿ ನೋಡಿದೆ. ಇವರ ಅಂಗೈಗೆ ನುಚ್ಚು ಹಾಕಿ, ಆ ಅಂಗೈಯನ್ನು ನಾನೇ ವಾಲಿಸಿ ನನ್ನ ಅಂಗೈಗೆ ಸುರಿದುಕೊಂಡು, ಒಂದು ಕಾಳನ್ನು ನೀರಲ್ಲಿ ಅರೆದು ಮರಿಯ ಗಂಟಲಿಗೆ ಇಳಿಸಿದೆ. ಪಾಲು ನನಗೆ ಬಂತು ಅಂದುಕೊಂಡು, ಕಿವಿಯ ತೂತಿಗೆ ಬಾಯಿಟ್ಟು ಆ ಮಾತು ಹೇಳಿದೆ. ಒಂದು ಸಲ, ಎರಡು ಸಲ, ಆಮೇಲೆ ಅಳುತ್ತಾ ಎಷ್ಟೋ ಸಲ. ಮರಿ ಕಣ್ಣು ಬಿಟ್ಟು ನನ್ನನ್ನು ನೋಡುತ್ತಲೇ ಇತ್ತು. "ಇದು ನಿನ್ನ ಪಾಲು" ಅಂತ ಬಾಯಿಬಿಟ್ಟು ಒಪ್ಪಿಸದೆ ಪಾಲು ಕೈ ಬದಲಿಸುವುದಿಲ್ಲ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ.

ಆ ಹೊತ್ತಿನಲ್ಲಿ ನನ್ನ ಸಿಟ್ಟೆಲ್ಲ ಇವರ ಮೇಲೆ ತಿರುಗಿತು. ಮಂಚದ ಪಕ್ಕ ಕುಕ್ಕೆ ಕುಕ್ಕಿ, ಬಾಯಿಗೆ ಬಂದ ಹಾಗೆ ಬೈದೆ. "ಒಂದು ಮಾತು ಕಣ್ರೀ, ಒಂದೇ ಒಂದು ಮಾತು! ಲೋಕದ ಮಾತೆಲ್ಲ ಆಡಿದ್ರಲ್ಲ, ಇದೊಂದು ಆಡಾಕಾಗಾಕಿಲ್ವಾ? ಅದ್ರ ಸಂಕಟ ಕಣ್ಣಿಗೆ ಕಾಣಾಕಿಲ್ವಾ? ನಿಮ್ಮನ್ನೇ ನಂಬ್ಕಂಡು ಬಿದ್ದೈತಲ್ಲ ಆ ಜೀವ, ಹಿಂಗೆ ಕೊಳೀತಾ ಬಿದ್ದಿರ್ಲಿ ಅಂತ ಎಂಗ್ರೀ ನೋಡ್ಕಂಡಿದ್ದೀರ? ಕರುಣೆ ಅನ್ನೋದೇ ಇಲ್ವಾ ನಿಮ್ಗೆ?"

ಇವರು ನನ್ನನ್ನೇ ನೋಡಿದರು. ತುಂಬಾ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ, ನಾನು ಬೈಯುವುದರಲ್ಲಿದ್ದೆ.

ಮಾರನೆಯ ಬೆಳಿಗ್ಗೆಯಿಂದ ಇವರು ಗಂಟಲು ಆಡಿಸಲು ಶುರು ಮಾಡಿದರು. ಮೊದಲು ಬರೀ ಗೊರಕೆಯಂಥ ಸದ್ದು. ಮುಖ ಕೆಂಪಾಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಒಂದು ಕಡೆಯ ತುಟಿ ಮುಂದಕ್ಕೆ ಬರುತ್ತಿತ್ತು, ಇನ್ನೊಂದು ಕಡೆಯದು ಜೋತುಬಿದ್ದೇ ಇರುತ್ತಿತ್ತು. "ಹ್... ಹ್..." ಅನ್ನುವುದು, ಬೆವರಿ ಸುಸ್ತಾಗಿ ಬೀಳುವುದು. ಮತ್ತೆ ಎದ್ದು "ಹ್..." ನಾನು ಪಕ್ಕದಲ್ಲಿ ಕೂತು ಮಗುವಿಗೆ ಕಲಿಸುವ ಹಾಗೆ ತುಟಿ ಉರುಟು ಮಾಡಿ ತೋರಿಸುತ್ತಿದ್ದೆ. "ಹೊ ಅನ್ನಿ. ಹೊ." ದಿನ ಕಳೆದ ಹಾಗೆ "ಹೊ" ಬಂತು. ನಾನು ಕುಣಿದಾಡಿದೆ. ನಿಜ ಹೇಳುತ್ತೇನೆ, ಅಷ್ಟರಲ್ಲಾಗಲೇ ನಾನು ಮರಿಯನ್ನು ಮರೆತಿದ್ದೆ. ಅದಕ್ಕೆ ನೀರು ಹನಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಆದರೆ ಮನಸ್ಸೆಲ್ಲ ಇವರ ತುಟಿಯ ಮೇಲೆ. ಒಂದು ಮಾತು ಬಂದರೆ ಅದರ ಬೆನ್ನಿಗೆ ಇನ್ನೊಂದು ಬರುತ್ತದೆ, ಆಮೇಲೆ ಮತ್ತೊಂದು. ಮತ್ತೆ ಬಿದಿರಿನ ಜೊತೆ ಹರಟುತ್ತಾ ಕೂರುತ್ತಾರೆ, ನನ್ನ ತಲೆ ತಿನ್ನುತ್ತಾರೆ ಅಂತೆಲ್ಲ ಲೆಕ್ಕ ಹಾಕಿದ್ದೆ.

ಅವತ್ತು ಇವರು ಎಡಗೈ ಚಾಚಿ ಕುಕ್ಕೆಯ ಕಡೆ ಬೆರಳು ಆಡಿಸಿದರು. ಮರಿಯನ್ನು ತೆಗೆದು ಅಂಗೈಗೆ ಕೊಟ್ಟೆ. ಅದರಲ್ಲಿ ಉಳಿದಿದ್ದದ್ದು ತಲೆ ಮತ್ತು ಉಸಿರು, ಅಷ್ಟೆ. ಇವರು ಆ ಕೈಯನ್ನು ಎದೆಯ ಮೇಲಿಂದ ಎಳೆದುಕೊಂಡು ಎಳೆದುಕೊಂಡು ಮುಖದ ಹತ್ತಿರ ತಂದರು. ನಾನು ಸಹಾಯಕ್ಕೆ ಹೋದರೆ ಕಣ್ಣಲ್ಲೇ ಬೇಡ ಅಂದರು. ಹೆಬ್ಬೆರಳಿನಿಂದ ಮರಿಯ ತಲೆಯನ್ನು ಮೆಲ್ಲಗೆ ತಿರುಗಿಸಿ, ಅದರ ಕಿವಿ ತಮ್ಮ ಬಾಯಿಯ ಕಡೆಗೆ ಬರುವಂತೆ ಹಿಡಿದರು.

"ಹೊ... ರ... ಡು" ಅಂದರು.

ಒಡಕು ದನಿ, ನೆಂದ ಮರದಿಂದ ಬಂದ ಹಾಗಿತ್ತು. ಆದರೂ ಮಾತೇ. ಮರಿ ಒಂದು ಸಲ ಕೊಕ್ಕು ತೆರೆಯಿತು, ಮುಚ್ಚಿತು. ಅದರ ಕತ್ತು ಇವರ ಹೆಬ್ಬೆರಳಿನ ಮೇಲೆ ಒರಗಿತು. ಮನೆಯಲ್ಲಿ ಅಷ್ಟು ದಿನದಿಂದ ನಿಲ್ಲದಿದ್ದ ಆ ನರಳಾಟ ನಿಂತುಹೋಯಿತು.

ನಾನು ಮರಿಯನ್ನು ನೋಡಲೇ ಇಲ್ಲ. "ಜವರೀ! ಬಾರೇ! ಮಾತಾಡುದ್ರು ಕಣೇ! ನಮ್ಮೋರು ಮಾತಾಡುದ್ರು!" ಅಂತ ಬೀದಿಗೆ ಕೇಳುವ ಹಾಗೆ ಕೂಗಿದೆ. ಕೇರಿಯ ಹೆಂಗಸರೆಲ್ಲ ನೆರೆದರು. ಬೆಲ್ಲ ಕುಟ್ಟಿ ಪಾಯಸಕ್ಕಿಟ್ಟೆ. ಇವರ ಕೆನ್ನೆ ಹಿಡಿದುಕೊಂಡು, "ಇನ್ನೊಂದು ಆಡಿ. ನೀರು ಅನ್ನಿ. ಚೌಡಿ ಅನ್ನಿ, ಬರೀ ಚೌ ಅನ್ನಿ ಸಾಕು" ಅಂತ ಎಲ್ಲರ ಮುಂದೆ ನಾಚಿಕೆ ಬಿಟ್ಟು ಗೋಗರೆದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. "ದಣಿದವ್ರೆ, ಬುಡು" ಅಂದಳು ಜವರಮ್ಮ. ಅವಳು ನಗುತ್ತಿರಲಿಲ್ಲ. ಅಂಗೈಯಿಂದ ಮರಿಯನ್ನು ಬಿಡಿಸಿಕೊಂಡು ಹೋಗಿ ಹಿತ್ತಲಲ್ಲಿ ಮಣ್ಣು ಮಾಡಿ ಬಂದವಳೂ ಅವಳೇ.

ಎಲ್ಲರೂ ಹೋದ ಮೇಲೆ ಚಮಚದಲ್ಲಿ ಪಾಯಸ ತಂದೆ. ಇವರು ಬಾಯಿ ತೆರೆಯಲಿಲ್ಲ. ಎಡಗೈಯಿಂದ ತಡಕಾಡಿ ನನ್ನ ಮಣಿಕಟ್ಟು ಹಿಡಿದು ತಮ್ಮ ಕಡೆಗೆ ಎಳೆದರು. ಏನೋ ಹೇಳುತ್ತಾರೆ ಅಂತ ನಾನು ಆಸೆಯಿಂದ ಬಗ್ಗಿ ಕಿವಿ ಕೊಟ್ಟೆ. ಇವರು ನನ್ನ ಗಲ್ಲ ಹಿಡಿದು ನನ್ನ ಮುಖವನ್ನು ಮೆಲ್ಲಗೆ ತಿರುಗಿಸಿದರು. ಆಮೇಲೆ ದಿಂಬಿನ ಮೇಲೆ ತಮ್ಮ ತಲೆಯನ್ನು, ಎಷ್ಟು ಕಷ್ಟಪಟ್ಟರೋ, ಹೊರಳಿಸಿ ಹೊರಳಿಸಿ ತಮ್ಮ ಕಿವಿಯನ್ನು ನನ್ನ ಬಾಯಿಗೆ ಎದುರಾಗಿ ಇಟ್ಟುಕೊಂಡರು. ಮರಿಯನ್ನು ಹಿಡಿದಿದ್ದ ಹಾಗೆಯೇ. ಇಟ್ಟುಕೊಂಡು ಕಾದರು.

ಚಮಚ ಕೈಯಿಂದ ಬಿತ್ತು. ನಾನು ಹಿತ್ತಲಿಗೆ ಓಡಿ ಗೋಡೆಗೆ ತಲೆ ಕೊಟ್ಟು ಕೂತೆ. ಅವತ್ತು ನಾನು ಬೈದ ಒಂದೊಂದು ಮಾತೂ ನೆನಪಾಯಿತು. ನಿಮ್ಮನ್ನೇ ನಂಬಿಕೊಂಡು ಬಿದ್ದಿದೆಯಲ್ಲ ಆ ಜೀವ ಅಂದಿದ್ದೆ. ಕರುಣೆಯಿಲ್ಲವಾ ಅಂದಿದ್ದೆ. ಆಗ ಇವರು ನನ್ನನ್ನು ಅಷ್ಟು ಹೊತ್ತು ಯಾಕೆ ನೋಡಿದರು ಅನ್ನುವುದು ಈಗ ತಿಳಿಯಿತು.

ಜವರಮ್ಮ ಬೇಲಿಯ ಆಚೆಯಿಂದ ನೋಡಿದವಳು ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ನಾನು ಏನನ್ನೂ ಹೇಳಬೇಕಾಗಲಿಲ್ಲ. "ಹೇಳ್ಬುಡು ಚೌಡಕ್ಕ. ಪುಣ್ಯ ಬತ್ತದೆ" ಅಂದಳು.

"ಎಂಗೆ ಹೇಳ್ಲೇ? ಹೇಳಿದ್ ಮ್ಯಾಲೆ ಈ ಮನೇಲಿ ಯಾರ್ ಜೊತೆ ಮಾತಾಡ್ಲಿ ನಾನು?" ಅಂದೆ. ಅವಳು ತನ್ನ ಸೆರಗಿನಿಂದ ನನ್ನ ಮುಖ ಒರೆಸಿ ಎದ್ದು ಹೋದಳು.

ಆಮೇಲೆ ಇವರು ಇನ್ನೊಂದು ಮಾತು ಆಡಲಿಲ್ಲ, ಆಡಲು ಪ್ರಯತ್ನವನ್ನೂ ಪಡಲಿಲ್ಲ. ಅವರಿಗೆ ಬೇಕಿದ್ದದ್ದು ಅದೊಂದೇ ಮಾತು, ಅದನ್ನು ಆಡಿ ತೋರಿಸಿ ಆಗಿತ್ತು. ನಾನು ಹತ್ತಿರ ಹೋದಾಗಲೆಲ್ಲ ದಿಂಬಿನ ಮೇಲೆ ತಲೆ ಹೊರಳುತ್ತದೆ, ಕಿವಿ ನನ್ನ ಕಡೆಗೆ ಬರುತ್ತದೆ. ಮುಖ ಒರೆಸುವ ನೆಪದಲ್ಲಿ ನಾನು ತಿರುಗಿಸಿಬಿಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ. ನಾನು ಈಗ ಹಗಲೆಲ್ಲ ಮಾತಾಡುತ್ತೇನೆ. ಈರುಳ್ಳಿ ಮೊಳಕೆ ಬಂದದ್ದು, ಬೂದಿ ಹ್ಯಾಟೆ ಮತ್ತೆ ಕಾವಿಗೆ ಕೂತದ್ದು, ಜವರಮ್ಮನ ಸೊಸೆ ಮುನಿಸಿಕೊಂಡು ತವರಿಗೆ ಹೋದದ್ದು. ಆ ಕಿವಿಗೆ ಎಲ್ಲವನ್ನೂ ಸುರಿಯುತ್ತೇನೆ, ಅದೊಂದನ್ನು ಬಿಟ್ಟು. ಹುಣ್ಣು ಸೊಂಟದವರೆಗೂ ಇಳಿದಿದೆ. ಅರಿಶಿನ, ಬೇವಿನೆಣ್ಣೆ, ಅರಳೆ, ಎಲ್ಲ ಮಾಡುತ್ತೇನೆ. ಮನೆಯಲ್ಲಿ ಮತ್ತೆ ಅದೇ ವಾಸನೆ.

ಇವತ್ತು ಬೆಳಿಗ್ಗೆ ಏನಾದರಾಗಲಿ ಅಂತ ಗಟ್ಟಿ ಮನಸ್ಸು ಮಾಡಿದೆ. ತಲೆಗೆ ನೀರು ಹಾಕಿಕೊಂಡೆ. ಇವರ ಮೈ ಒರೆಸಿ, ಗಡ್ಡ ಕೆರೆದು, ಮದುವೆಯ ಪಂಚೆಯನ್ನೇ ಪೆಟ್ಟಿಗೆಯಿಂದ ತೆಗೆದು ಹೊದಿಸಿದೆ. ತುಳಸಿನೀರಿನಲ್ಲಿ ತುಟಿ ಒದ್ದೆ ಮಾಡಿದೆ. ಇವರಿಗೆ ತಿಳಿಯಿತು. ಕಿವಿಯನ್ನು ನನ್ನ ಕಡೆಗೆ ಹೊರಳಿಸಿ ಇಟ್ಟುಕೊಂಡರು. ಅತ್ತೆಯನ್ನು ನೆನೆದುಕೊಂಡು ಬಗ್ಗಿದೆ, ಆ ಕಿವಿಗೆ ಬಾಯಿಟ್ಟೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಇವರ ಬಾಯಿಯ ಒಂದು ತುದಿ ಮೇಲಕ್ಕೆದ್ದಿತು. ಮರಿ ಮೊದಲ ಸಲ ಅಂಗೈಯಲ್ಲಿ ಕುಟುಕಿದಾಗ ಬಂದಿತ್ತಲ್ಲ, ಆ ಅರ್ಧ ನಗು.

"ಗಂಜಿ ಕಾಯುಸ್ಕಂಡು ಬತ್ತೀನಿ" ಅಂದೆ.

ಅವರು ಕಿವಿ ಆಚೆ ತೆಗೆಯಲಿಲ್ಲ.